ಕೆನ್ನೆ ಮೇಲಿನ ಗಾಯವನ್ನು ಯಾಕೆ ಮುಚ್ಚಿಡಲಿಲ್ಲ? ಡಾಬ್ಸನ್ ಬರೆದ ಲಾರ್ಡ್ ಬೈರನ್ ಭಾವಚಿತ್ರ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಹಳೆಯ ಭಾವಚಿತ್ರಗಳ ಬಗ್ಗೆ ಬಲ್ಲವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ವಿಲಿಯಂ ಡಾಬ್ಸನ್ ಅನ್ನುವ ಇಂಗ್ಲಿಷ್ ಚಿತ್ರಕಾರ 1643ರ ಸುಮಾರಿಗೆ ಬರೆದ ಚಿತ್ರ ಇದು. ಇದರಲ್ಲಿ ಇರುವವನು ಜಾನ್ ಬೈರನ್, ಮೊದಲನೇ ಲಾರ್ಡ್ ಬೈರನ್. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜ ಒಂದನೇ ಚಾರ್ಲ್ಸ್ ಕಡೆಯ ಕುದುರೆ ಪಡೆಯ ನಾಯಕ. ಚಿತ್ರ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಟ್ಯಾಬ್ಲಿ ಹೌಸ್ ಸಂಗ್ರಹಕ್ಕೆ ಸೇರಿದ್ದು. ದೊಡ್ಡದಾಗಿ ಮಾಡಿ ನೋಡಿದೆ. ಹಿಂದೆ ತಿರುಚಿದ ಕಂಬ, ಪಕ್ಕದಲ್ಲಿ ಕುದುರೆ, ಕುದುರೆ ಹಿಡಿದುಕೊಂಡ ಒಬ್ಬ ಕಪ್ಪು ಹುಡುಗ. ನಡುವೆ ಬೈರನ್, ಯಾರಿಗೋ ಅಪ್ಪಣೆ ಕೊಡುವ ಗತ್ತಿನಲ್ಲಿ ನಿಂತಿದ್ದಾನೆ.

ಇಷ್ಟೆಲ್ಲ ಆಡಂಬರ ಇದ್ದರೂ ಕೆನ್ನೆ ಮೇಲೆ ಒಂದು ಗಾಯದ ಗುರುತು ಢಾಳಾಗಿ ಕಾಣುತ್ತದೆ. ಹಣ ಕೊಟ್ಟು ಚಿತ್ರ ಬರೆಸುವವನು ಇದನ್ನು ಬಿಡಿಸಬೇಡ ಅಂತ ಹೇಳಬಹುದಿತ್ತು, ಅಲ್ವಾ? ಚಿತ್ರಕಾರ ಹಟ ಮಾಡಿ ಬರೆದನಾ, ಇಲ್ಲ ಇವನೇ ಬರೆಸಿಕೊಂಡನಾ? ಗಾಯ ಎಲ್ಲಿ ಆಯಿತು? ಆ ಹುಡುಗ ಯಾರು? ಗೊತ್ತಿದ್ದವರು ಹೇಳಿ.

ಮೇಷ್ಟ್ರು_ಹಾಸನ:
ಗಾಯದ ಕಥೆ ನಾನು ಹೇಳುತ್ತೇನೆ.

1642ರ ಅಕ್ಟೋಬರ್ 23ರಂದು ಎಜ್‌ಹಿಲ್ ಯುದ್ಧ ಆಯಿತು. ರಾಜನಿಗೂ ಪಾರ್ಲಿಮೆಂಟಿಗೂ ಮೊದಲ ದೊಡ್ಡ ಕಾಳಗ. ಯಾರೂ ಸರಿಯಾಗಿ ಗೆಲ್ಲಲಿಲ್ಲ. ಲಂಡನ್ ರಾಜನ ಕೈಗೆ ಸಿಗಲಿಲ್ಲ, ಹಾಗಾಗಿ ಅವನು ಆಕ್ಸ್‌ಫರ್ಡಿಗೆ ಹೋಗಿ ಅದನ್ನೇ ರಾಜಧಾನಿ ಮಾಡಿಕೊಂಡ. ಸುತ್ತಮುತ್ತಲಿನ ಊರುಗಳಲ್ಲಿ ಕುದುರೆ ಪಡೆಗಳನ್ನು ಕಾವಲಿಗೆ ಬಿಟ್ಟ.

ಬೈರನ್‌ನ ದಳ ಬರ್ಫರ್ಡ್ ಅನ್ನುವ ಊರಲ್ಲಿ ತಂಗಿತ್ತು. ಹತ್ತಿರದ ಸೈರೆನ್‌ಸೆಸ್ಟರ್‌ನಲ್ಲಿ ಪಾರ್ಲಿಮೆಂಟ್ ಪಡೆ ಇತ್ತು. ಹೊಸ ವರ್ಷದ ಹೊತ್ತಿಗೆ, ರಾತ್ರಿ, ಅವರು ಬರ್ಫರ್ಡ್ ಮೇಲೆ ಬಿದ್ದರು. ಬೀದಿಯಲ್ಲೇ ಹೊಡೆದಾಟ. ಬೈರನ್ ಮುಂದೆ ನುಗ್ಗಿ ಅವರನ್ನು ಊರಾಚೆ ಅಟ್ಟಿದ. ಆ ಗದ್ದಲದಲ್ಲಿ ಉದ್ದ ಹಿಡಿಯ ಕೊಡಲಿಯಂಥ ಆಯುಧದ ಪೆಟ್ಟು ಮುಖಕ್ಕೆ ಬಿತ್ತು. ನೀವು ನೋಡಿದ ಗುರುತು ಅದೇ.

ಇದನ್ನು ಕೆಲವು ಕಡೆ 1642 ಅಂತ, ಕೆಲವು ಕಡೆ 1643 ಅಂತ ಬರೆದಿರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಆಗ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ ಹಳೇ ವರ್ಷದ ಲೆಕ್ಕಕ್ಕೇ ಹೋಗುತ್ತಿದ್ದವು.

ಇನ್ನು ಯಾಕೆ ಮುಚ್ಚಿಡಲಿಲ್ಲ ಅನ್ನುವುದು. ಗಾಯ ಬೆನ್ನಿಗೆ ಬಿದ್ದಿದ್ದರೆ ಖಂಡಿತ ಮುಚ್ಚಿಡುತ್ತಿದ್ದ! ಎದುರು ನಿಂತವನಿಗೇ ಮುಖಕ್ಕೆ ಪೆಟ್ಟು ಬೀಳುವುದು. 1643ರ ಅಕ್ಟೋಬರ್ 24ಕ್ಕೆ ರಾಜ ಅವನಿಗೆ ಲಾರ್ಡ್ ಪದವಿ ಕೊಟ್ಟ. ಪದವಿಗೆ ಕಾಗದ ಪತ್ರ ಇದ್ದ ಹಾಗೆ ಧೈರ್ಯಕ್ಕೆ ಈ ಗುರುತು. ಅವನೇ ಬರೆಸಿಕೊಂಡ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಸುಮ್ನೆ_ಓದುಗ:
ಒಂದು ನಿಮಿಷ. ಬೈರನ್ ಅಂದರೆ ಆ ಕವಿ ಬೈರನ್ ಮನೆತನವಾ? ಕವಿಗೂ ಈ ಗತ್ತು ಇತ್ತು ಅಂತ ಕೇಳಿದ್ದೆ.

ಮೇಷ್ಟ್ರು_ಹಾಸನ:
ಅದೇ ಮನೆತನ ಮಾರಾಯರೇ. ಆದರೆ ನೇರ ವಂಶ ಅಲ್ಲ. ಈ ಜಾನ್‌ಗೆ ಮಕ್ಕಳಿರಲಿಲ್ಲ. ಪದವಿ ತಮ್ಮ ರಿಚರ್ಡ್‌ಗೆ ಹೋಯಿತು, ಆ ಕವಲಿನಲ್ಲಿ ಹುಟ್ಟಿದವನು ಕವಿ, ಆರನೇ ಲಾರ್ಡ್ ಬೈರನ್. ಇವರ ಮನೆ ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂಸ್ಟೆಡ್ ಆಬಿ. ಈ ಯುದ್ಧದಲ್ಲಿ ಅಣ್ಣತಮ್ಮಂದಿರೆಲ್ಲ ರಾಜನ ಕಡೆಗೇ ನಿಂತರು. ಮನೆಯನ್ನು ಕೊನೆಗೆ ಮಾರಿದವನು ಮಾತ್ರ ಕವಿ.

ಎಣ್ಣೆಬಣ್ಣ:
ಮೇಷ್ಟ್ರು ಗಾಯ ಹೇಳಿದರು, ನಾನು ಬಣ್ಣ ಹೇಳುತ್ತೇನೆ. ಹಳೆಯ ಕ್ಯಾನ್ವಾಸ್ ಸರಿ ಮಾಡುವ ಕೆಲಸ ನನ್ನದು, ಹಾಗಾಗಿ ಡಾಬ್ಸನ್ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಡಾಬ್ಸನ್‌ಗೂ ಮೊದಲು ಇಂಗ್ಲೆಂಡಿನ ಆಸ್ಥಾನದಲ್ಲಿ ಮೆರೆದವನು ವ್ಯಾನ್ ಡೈಕ್. ಅವನು ಆಂಟ್‌ವರ್ಪ್‌ನಿಂದ ಬಂದವನು. ಅವನ ಚಿತ್ರದಲ್ಲಿ ಎಲ್ಲರೂ ಸಣ್ಣ ಬೆರಳು, ಉದ್ದ ಮುಖ, ಜಾರುವ ರೇಷ್ಮೆ. 1641ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷವೇ ಯುದ್ಧ. ರಾಜ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿ ಸಿಕ್ಕಿದವನು ಡಾಬ್ಸನ್, ಲಂಡನ್ನಿನಲ್ಲಿ ಹುಟ್ಟಿದ ಮೂವತ್ತೊಂದು ಮೂವತ್ತೆರಡರ ಹುಡುಗ. ವಿಲಿಯಂ ಪೀಕ್ ಹತ್ತಿರ, ಆಮೇಲೆ ಫ್ರಾನ್ಸಿಸ್ ಕ್ಲೈನ್ ಹತ್ತಿರ ಕೆಲಸ ಕಲಿತವನು.

ಇವನ ಕೈ ವ್ಯಾನ್ ಡೈಕ್ ಕೈ ಅಲ್ಲವೇ ಅಲ್ಲ. ಬಣ್ಣ ದಪ್ಪ, ಒರಟು. ಕೆಂಪು ಕೆನ್ನೆ, ದಪ್ಪ ಮೂಗು, ಊಟ ಚೆನ್ನಾಗಿ ಮಾಡುವ ಗಂಡಸರು. ಮೈ ಕೈ ತುಂಬಿಕೊಂಡು ಚೌಕಟ್ಟಿನ ತುಂಬ ನಿಂತಿರುತ್ತಾರೆ, ಸ್ವಲ್ಪ ಸರಿಯಪ್ಪ ಅಂತ ಹೇಳಬೇಕು ಅನಿಸುತ್ತದೆ. ರಾಜನ ಸಂಗ್ರಹದಲ್ಲಿ ಟಿಷಿಯನ್ ಮುಂತಾದ ವೆನಿಸ್ ಚಿತ್ರಕಾರರ ಕೆಲಸ ಬೇಕಾದಷ್ಟಿತ್ತು. ಆ ಬೆಚ್ಚಗಿನ ಬಣ್ಣ, ಕುಂಚದ ಗುರುತು ಹಾಗೇ ಬಿಡುವ ರೀತಿ ಅಲ್ಲಿಂದ ಬಂದದ್ದು.

ತಿರುಚಿದ ಕಂಬದ ಬಗ್ಗೆ ನನ್ನದೊಂದು ಊಹೆ. ಕ್ಲೈನ್ ಮಾರ್ಟ್‌ಲೇಕ್‌ನ ಪರದೆ ನೇಯುವ ಕಾರ್ಖಾನೆಗೆ ಚಿತ್ರ ಬರೆದುಕೊಡುತ್ತಿದ್ದ. ರಾಫೆಲ್‌ನ ದೊಡ್ಡ ಮಾದರಿ ಚಿತ್ರಗಳನ್ನು ಚಾರ್ಲ್ಸ್ ಕೊಂಡು ತರಿಸಿದ್ದು ಆ ಕಾರ್ಖಾನೆಗಾಗಿ. ಅದರಲ್ಲೊಂದರಲ್ಲಿ ಇಂಥವೇ ತಿರುಚಿದ ಕಂಬಗಳಿವೆ. ಡಾಬ್ಸನ್ ಅಲ್ಲಿಂದ ಎತ್ತಿಕೊಂಡಿರಬಹುದು. ಯುದ್ಧಭೂಮಿಯಲ್ಲಿ ಅಂಥ ಕಂಬ ಎಲ್ಲಿರುತ್ತದೆ ಹೇಳಿ!

ಹಾಗಾಗಿ ತುಂಗಾತೀರ ಅವರೇ, ಕಂಬ ನಾಟಕದ ಪರದೆ, ಗಾಯ ನಿಜ. ಎರಡನ್ನೂ ಒಂದೇ ಚಿತ್ರದಲ್ಲಿ ಇಟ್ಟು ಜೀರ್ಣ ಮಾಡಿಕೊಳ್ಳುತ್ತಾನಲ್ಲ, ಅದು ಡಾಬ್ಸನ್.

ತುಂಗಾತೀರ:
ಅಕ್ಕ, ತುಂಬಾ ಚೆನ್ನಾಗಿ ಹೇಳಿದಿರಿ. ಇನ್ನೊಂದು. ಈ ಕಾಲದ ಕುದುರೆ ಪಡೆಯ ಅಧಿಕಾರಿಗಳ ಚಿತ್ರಗಳಲ್ಲಿ ಹಳದಿ ಬಣ್ಣದ ದಪ್ಪ ಚರ್ಮದ ಕೋಟು ಕಾಣುತ್ತಲೇ ಇರುತ್ತದೆ. ಅದು ಶೋಕಿಗೋ, ಕೆಲಸಕ್ಕೋ?

ಚರ್ಮದಂಗಡಿ:
ಅಪರೂಪಕ್ಕೆ ನನಗೆ ಗೊತ್ತಿರುವ ವಿಷಯ ಬಂತು. ಅದನ್ನು ಬಫ್ ಕೋಟ್ ಅನ್ನುತ್ತಾರೆ. ಶೋಕಿಗೂ ಹೌದು, ಕೆಲಸಕ್ಕೂ ಹೌದು.

ದನದ ಅಥವಾ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಚರ್ಮ. ತೊಗಟೆ ನೀರಿನಲ್ಲಿ ಹದ ಮಾಡಿದ್ದಲ್ಲ, ಮೀನೆಣ್ಣೆ ಹಾಕಿ ಬಡಿದು ಬಡಿದು ಹದ ಮಾಡಿದ್ದು. ಎಣ್ಣೆ ಒಳಗೆ ಇಳಿದು ಗಾಳಿಗೆ ಬಿಸಿಯಾಗಿ ಚರ್ಮವನ್ನು ಹಿಡಿಯುತ್ತದೆ. ಆಗ ಆ ತಿಳಿ ಹಳದಿ ಬಣ್ಣ ಬರುತ್ತದೆ. ಬಣ್ಣ ಹಚ್ಚಿದ್ದಲ್ಲ ಅದು. ಮೇಲಿನ ಪದರ ಕೆರೆದು ತೆಗೆದಿರುವುದರಿಂದ ಮುಟ್ಟಿದರೆ ಮೆತ್ತಗೆ, ಆದರೆ ದಪ್ಪ. ಸೊಂಟದ ಕೆಳಗೆ ಅಗಲವಾಗಿ ಬಿಟ್ಟಿರುತ್ತಾರೆ, ಜೀನಿನ ಮೇಲೆ ಕೂತರೆ ತೊಡೆ ಮುಚ್ಚಬೇಕಲ್ಲ. ಕತ್ತಿ ಏಟನ್ನು ಚೆನ್ನಾಗಿ ತಡೆಯುತ್ತದೆ. ಗುಂಡಿಗೆ ಮಾತ್ರ ಭರವಸೆ ಇಲ್ಲ, ಅದಕ್ಕೇ ಮೇಲೆ ಎದೆಗೂ ಬೆನ್ನಿಗೂ ಉಕ್ಕಿನ ತಗಡು ಕಟ್ಟುತ್ತಿದ್ದರು.

ಬೆಲೆ ಕೇಳಿ. 1640ರಲ್ಲಿ ಒಳ್ಳೆಯ ಕೋಟು 10 ಪೌಂಡಿಗೆ ಕಡಿಮೆ ಸಿಗುತ್ತಿರಲಿಲ್ಲ ಅಂತ ಆಗಿನ ಒಂದು ಕಾಗದದಲ್ಲಿ ಇದೆ. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ಪಾರ್ಲಿಮೆಂಟಿನ ಹೊಸ ಸೈನ್ಯದಲ್ಲಿ ಸಾಮಾನ್ಯ ರಾವುತನಿಗೆ ದಿನಕ್ಕೆ 2 ಶಿಲ್ಲಿಂಗ್ ಸಂಬಳ. ಅಂದರೆ ಒಂದು ಕೋಟಿನ ಬೆಲೆ ನೂರು ದಿನದ ಸಂಬಳ. ಅವನ ಊಟ, ಕುದುರೆಯ ಮೇವು ಆ ದುಡ್ಡಿನಲ್ಲೇ ಆಗಬೇಕು. ಕಾಲಾಳಿಗೆ ದಿನಕ್ಕೆ 8 ಪೆನ್ಸ್, ಅವನು ಮುನ್ನೂರು ದಿನ ದುಡಿಯಬೇಕು. ಚಿತ್ರದಲ್ಲಿ ತೋಳಿನ ಉದ್ದಕ್ಕೂ ಚಿನ್ನದ ಪಟ್ಟಿ ಹೊಲಿಸಿಕೊಂಡು ನಿಲ್ಲುತ್ತಾರಲ್ಲ, ಅದು ಯಾಕೆ ಅಂತ ಈಗ ತಿಳಿಯುತ್ತದೆ.

ಲೀಡ್ಸ್‌ಕನ್ನಡಿಗ:
ಚರ್ಮದಂಗಡಿ ಸರ್, ಈ ಕೋಟುಗಳು ನಮ್ಮ ಊರಿನ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿವೆ. ಲಿಟಲ್‌ಕೋಟ್ ಅನ್ನುವ ಬಂಗಲೆಯ ಆಯುಧ ಶಾಲೆಯಿಂದ ಬಂದವು. ಅಲ್ಲಿ ಇರುವುದು ಹೆಚ್ಚಾಗಿ ಸಾದಾ ಕೋಟುಗಳು, ಸಿಪಾಯಿಗಳವು. ಚಿತ್ರ ಬರೆಸಿಕೊಂಡವರ ಕೋಟಿಗೂ ಅದಕ್ಕೂ ಹೋಲಿಕೆ ಇಲ್ಲ.

ಕೋಟಿನ ಮೇಲೆ ಅಡ್ಡ ಹಾಕುವ ರೇಷ್ಮೆ ಪಟ್ಟಿಯನ್ನೂ ನೋಡಿ. ಆಗ ಎರಡೂ ಕಡೆಯವರಿಗೆ ಒಂದೇ ಥರದ ಬಟ್ಟೆ. ಎದುರಿಗೆ ಬರುವವನು ನಮ್ಮವನೋ ಅವರವನೋ ಗೊತ್ತಾಗುತ್ತಿದ್ದದ್ದು ಪಟ್ಟಿಯಿಂದ. ರಾಜನ ಕಡೆಗೆ ಕೆಂಪು, ಪಾರ್ಲಿಮೆಂಟಿನ ಸೇನಾಪತಿ ಎಸೆಕ್ಸ್‌ನ ಸೈನ್ಯಕ್ಕೆ ಕಿತ್ತಳೆ. ಎಜ್‌ಹಿಲ್‌ನಲ್ಲಿ ಸರ್ ಫೇತ್‌ಫುಲ್ ಫಾರ್ಟೆಸ್ಕ್ಯೂ ಅನ್ನುವವನ ದಳ ಯುದ್ಧದ ನಡುವೆಯೇ ಪಕ್ಷ ಬದಲಿಸಿತು. ಕೆಲವರು ಕಿತ್ತಳೆ ಪಟ್ಟಿ ಬಿಚ್ಚಿ ಎಸೆಯುವುದನ್ನು ಮರೆತರು. ಯಾರ ಕಡೆ ಸೇರಲು ಓಡಿದರೋ ಅವರ ಕತ್ತಿಗೇ ಬಲಿಯಾದರು. ಹೆಸರು ಫೇತ್‌ಫುಲ್, ಅಂದರೆ ನಿಷ್ಠಾವಂತ, ನೆನಪಿರಲಿ. ಅದೇ ದಿನ ಕ್ಯಾಪ್ಟನ್ ಜಾನ್ ಸ್ಮಿತ್ ಅನ್ನುವ ರಾಜನ ಕಡೆಯವನು ಕಿತ್ತಳೆ ಪಟ್ಟಿ ಹಾಕಿಕೊಂಡು ಶತ್ರುಗಳ ನಡುವೆ ನುಸುಳಿ, ಕಳೆದುಹೋಗಿದ್ದ ರಾಜಧ್ವಜವನ್ನು ವಾಪಸ್ ತಂದ ಅಂತ ಕಥೆ. ರಾಜ ಅವನಿಗೆ ಸರ್ ಪದವಿ ಕೊಟ್ಟ.

ಬೆಳಗಾವಿ_ಬಸು:
ಎಲ್ಲಾ ಛಲೋ ಅದರೀ, ಆದರೆ ಯಾರೂ ಬಾರ್ತಮ್ಲಿ ಹೆಸರು ಎತ್ತಲಿಲ್ಲ. ನಾನು ಎತ್ತುತ್ತೇನೆ.

1643ರ ಡಿಸೆಂಬರ್, ಕ್ರಿಸ್‌ಮಸ್ ಹಿಂದಿನ ದಿನಗಳು. ಬೈರನ್ ಸೈನ್ಯ ಚೆಷೈರ್ ಜಿಲ್ಲೆಯಲ್ಲಿ ಹೋಗುತ್ತಿದೆ. ಬಾರ್ತಮ್ಲಿ ಸಣ್ಣ ಹಳ್ಳಿ. ಇಪ್ಪತ್ತರಷ್ಟು ಜನ ಚರ್ಚಿನ ಗೋಪುರ ಹತ್ತಿ ಕುಳಿತರು. ಕೆಳಗೆ ಬೆಂಚು, ಚಾಪೆ ಎಲ್ಲ ಸೇರಿಸಿ ಬೆಂಕಿ ಹಚ್ಚಿದರು ಇವನ ಸಿಪಾಯಿಗಳು. ಹೊಗೆ ತಾಳದೆ ಕೆಳಗೆ ಬಂದವರಲ್ಲಿ ಹನ್ನೆರಡು ಜನರನ್ನು ಕೊಂದರು. ಆಮೇಲೆ ಬೈರನ್ ನ್ಯೂಕ್ಯಾಸಲ್ ದೊರೆಗೆ ಕಾಗದ ಬರೆದ. ಎಲ್ಲರನ್ನೂ ಕತ್ತಿಗೆ ಕೊಟ್ಟೆ, ಇಂಥವರ ಜತೆ ಇದೇ ಸರಿಯಾದ ದಾರಿ, ಇವರಿಗೆ ಕರುಣೆ ತೋರಿಸುವುದೇ ಕ್ರೂರತನ ಅನ್ನುವ ಧಾಟಿ ಅದು. ಆ ಕಾಗದ ಪಾರ್ಲಿಮೆಂಟ್ ಕಡೆಯವರ ಕೈಗೆ ಸಿಕ್ಕಿತು. ಅವರು ಅಚ್ಚು ಹಾಕಿಸಿ ಹಂಚಿದರು.

ನೀವು ಕೆನ್ನೆ ಮೇಲಿನ ಗಾಯ ನೋಡಿ ವೀರ ಅನ್ನುತ್ತೀರಿ. ನನಗೆ ಆ ಗತ್ತಿನ ಕೈ ನೋಡಿದರೆ ಗೋಪುರದ ಕೆಳಗೆ ಬೆಂಕಿ ಹಚ್ಚಿ ಅಂತ ಹೇಳುವ ಹಾಗೆ ಕಾಣುತ್ತದೆ.

ಎಣ್ಣೆಬಣ್ಣ:
ಬಸು ಅಣ್ಣ, ಘಟನೆ ನಿಜ, ಕಾಗದವೂ ನಿಜ. ಆದರೆ ಚಿತ್ರ ಬರೆದದ್ದು ಅವನು ಆಕ್ಸ್‌ಫರ್ಡ್ ಕಡೆ ಇದ್ದಾಗ. ಬಾರ್ತಮ್ಲಿಯ ಹೊತ್ತಿಗೆ ಅವನು ಚೆಷೈರಿನಲ್ಲಿದ್ದ. ಮುಂದೆ ಆಗುವುದನ್ನು ಡಾಬ್ಸನ್ ಕೈಯಲ್ಲಿ ಬರೆಸಿದ್ದೀರಿ ನೀವು. ಚಿತ್ರಕಾರನಿಗೆ ಗೊತ್ತಿದ್ದದ್ದು ಎದುರಿಗೆ ನಿಂತ ಆಸಾಮಿ ಅಷ್ಟೇ. ಆ ಆಸಾಮಿ ಮೆತ್ತಗಿನವನು ಅಂತ ಡಾಬ್ಸನ್ ಎಲ್ಲೂ ತೋರಿಸಿಲ್ಲ, ಅದನ್ನೂ ಗಮನಿಸಿ.

ಬೆಳಗಾವಿ_ಬಸು:
ಅಕ್ಕ, ಚಿತ್ರಕಾರನ ಮೇಲೆ ನನ್ನ ಸಿಟ್ಟಿಲ್ಲ. ನೋಡುವವರ ಮೇಲೆ. ಗೊತ್ತಾದ ಮೇಲೆ ಗೊತ್ತಿಲ್ಲದವರ ಹಾಗೆ ಹೇಗೆ ನೋಡುವುದು?

ಮೇಷ್ಟ್ರು_ಹಾಸನ:
ಬಸು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸೇನಾನಿಯಾಗಿಯೂ ಅವನ ದಾಖಲೆ ಅಷ್ಟು ಹೊಳೆಯುವುದಿಲ್ಲ.

ಎಜ್‌ಹಿಲ್‌ನಲ್ಲಿ ಬಲಗಡೆ ರಾಜನ ಅಕ್ಕನ ಮಗ ರೂಪರ್ಟ್ ರಾಜಕುಮಾರನ ಕುದುರೆ ಪಡೆ ಇತ್ತು. ಅದರ ಹಿಂದೆ, ಕಷ್ಟಕಾಲಕ್ಕೆ ಬೇಕಾಗುತ್ತದೆ ಅಂತ ಉಳಿಸಿಟ್ಟ ದಳ ಬೈರನ್‌ನದು. ರೂಪರ್ಟ್ ನುಗ್ಗಿ ಎದುರಾಳಿಗಳನ್ನು ಓಡಿಸಿದ. ಬೈರನ್ ನಿಂತಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಇವನೂ ಅಟ್ಟಿಸಿಕೊಂಡು ಹೋದ. ಎಡಗಡೆಯ ಹಿಂದಿನ ದಳವೂ ಅದನ್ನೇ ಮಾಡಿತು. ಹಿಂದೆ ಉಳಿದದ್ದು ರಾಜ ಮತ್ತು ಅವನ ಕಾಲಾಳುಗಳು, ಕಾಯಲು ಕುದುರೆ ಇಲ್ಲ. ಗೆಲ್ಲಬಹುದಾದ ಯುದ್ಧ ಸಮ ಆಯಿತು.

1644ರ ಜನವರಿಯಲ್ಲಿ ನ್ಯಾಂಟ್‌ವಿಚ್‌ನಲ್ಲಿ ಪಾರ್ಲಿಮೆಂಟ್ ಸೇನಾನಿ ಫೇರ್‌ಫ್ಯಾಕ್ಸ್ ಕೈಯಲ್ಲಿ ಸೋತ. ಜುಲೈ 2ಕ್ಕೆ ಮಾರ್ಸ್ಟನ್ ಮೂರ್ ಯುದ್ಧ. ಎದುರಿಗೆ ಪಾರ್ಲಿಮೆಂಟ್ ಕಡೆಯ ಕ್ರಾಮ್‌ವೆಲ್. ಮುಂದೆ ಹಳ್ಳ ಇತ್ತು, ಹಳ್ಳದಲ್ಲಿ ಬಂದೂಕಿನವರು ಇದ್ದರು, ಶತ್ರು ದಾಟಿ ಬರಲಿ ಅಂತ ಕಾಯಬೇಕಿತ್ತು. ಬೈರನ್ ಮೊದಲೇ ಮುಂದೆ ಹೋಗಿ ಎಲ್ಲ ಕೆಡಿಸಿದ ಅನ್ನುವ ದೂರು ಆಗಿನಿಂದಲೂ ಇದೆ. ಚೆಸ್ಟರ್ ನಗರವನ್ನು ಮಾತ್ರ ಮುತ್ತಿಗೆಯಲ್ಲಿ ಹಟ ಹಿಡಿದು ಕಾಪಾಡಿದ. 1646ರ ಫೆಬ್ರವರಿಯಲ್ಲಿ, ತಿನ್ನಲು ಏನೂ ಉಳಿಯದೆ, ಒಪ್ಪಿಸಿದ. ಕೊನೆಗೆ ದೇಶ ಬಿಟ್ಟು ಪ್ಯಾರಿಸ್‌ನಲ್ಲಿ 1652ರಲ್ಲಿ ಸತ್ತ.

ಇಷ್ಟು ತಿಳಿದು ಚಿತ್ರ ನೋಡಿದರೆ ನನಗೆ ಕಾಣುವುದು ಇದು. ಒಂದು ಕ್ಷಣವೂ ಸುಮ್ಮನೆ ನಿಲ್ಲಲಾಗದ ಮನುಷ್ಯನನ್ನು ಡಾಬ್ಸನ್ ನಿಲ್ಲಿಸಿದ್ದಾನೆ. ಬರ್ಫರ್ಡ್‌ನಲ್ಲಿ ಗಾಯ ಕೊಟ್ಟದ್ದೂ ಎಜ್‌ಹಿಲ್ ಕೆಡಿಸಿದ್ದೂ ಒಂದೇ ಗುಣ.

ತುಂಗಾತೀರ:
ಮೇಷ್ಟ್ರೇ, ಆ ಕೊನೆಯ ಸಾಲು ನನಗೆ ಇಷ್ಟ ಆಯಿತು. ಆ ಹುಡುಗನ ಬಗ್ಗೆ ಯಾರಾದರೂ?

ಲೀಡ್ಸ್‌ಕನ್ನಡಿಗ:
ಹೇಳುತ್ತೇನೆ. ಚಿತ್ರದ ಹೆಸರಿನಲ್ಲಿ ಅವನಿಲ್ಲ. ಬೈರನ್ ಹೆಸರು, ಪದವಿ ಇದೆ, ಅಷ್ಟೇ.

ದೊಡ್ಡವರ ಪಕ್ಕ ಒಬ್ಬ ಕಪ್ಪು ಹುಡುಗನನ್ನು ನಿಲ್ಲಿಸುವುದು ಡಾಬ್ಸನ್ ಕಂಡುಹಿಡಿದದ್ದಲ್ಲ. ಟಿಷಿಯನ್ ಮಾಡಿದ್ದ, ವ್ಯಾನ್ ಡೈಕ್ 1634ರಲ್ಲಿ ಲೊರೇನ್‌ನ ಹೆನ್ರಿಯೆಟ್ಟಾ ಚಿತ್ರದಲ್ಲಿ ಮಾಡಿದ. ಹುಡುಗ ಯಾವಾಗಲೂ ಪಕ್ಕದಲ್ಲಿ, ಗಾತ್ರದಲ್ಲಿ ಚಿಕ್ಕವನು, ಕಣ್ಣು ಯಜಮಾನರ ಕಡೆ. ಯಜಮಾನರ ಬಿಳಿ ಬಣ್ಣ ಎದ್ದು ಕಾಣಲಿ, ಐಶ್ವರ್ಯ ಕಾಣಲಿ ಅಂತ.

ಹಾಗಂತ ಇವರು ಬರೀ ಕಲ್ಪನೆಯೂ ಅಲ್ಲ. ಆ ಕಾಲದ ಲಂಡನ್, ಬ್ರಿಸ್ಟಲ್ ಚರ್ಚುಗಳ ದಾಖಲೆ ಪುಸ್ತಕಗಳಲ್ಲಿ ಆಫ್ರಿಕಾ ಮೂಲದವರ ಹೆಸರುಗಳಿವೆ. ಇಂಗ್ಲಿಷರು ಬಾರ್ಬಡೋಸ್‌ನಲ್ಲಿ ನೆಲೆಸಿದ್ದು 1627ರಲ್ಲಿ. ಈ ಚಿತ್ರ ಬರೆದ 1640ರ ದಶಕದಲ್ಲೇ ಅಲ್ಲಿ ಕಬ್ಬು ಬೆಳೆ ಶುರುವಾಗಿ, ಗುಲಾಮರನ್ನು ತರುವುದು ಜೋರಾಯಿತು. ಆಮೇಲಿನ ನೂರು ವರ್ಷ ಇಂಗ್ಲೆಂಡಿನ ಶ್ರೀಮಂತರ ಭಾವಚಿತ್ರಗಳಲ್ಲಿ ಇಂಥ ಹುಡುಗರು ಮತ್ತೆ ಮತ್ತೆ ಬರುತ್ತಾರೆ. ಕೆಲವರ ಕೊರಳಲ್ಲಿ ಬೆಳ್ಳಿ ಪಟ್ಟಿ ಇರುತ್ತದೆ, ಅದು ಗುಲಾಮನ ಗುರುತು, ಒಡವೆ ಅಂದುಕೊಂಡು ಮುಂದೆ ಹೋಗಬೇಡಿ.

ಸುಮ್ನೆ_ಓದುಗ:
ಹಾಗಾದರೆ ಎದುರು ಪಕ್ಷದವರು ಸಾಧು ಸಂತರಾ? ಅವರು ತಲೆ ಬೋಳಿಸಿಕೊಂಡು ಕರಿ ಬಟ್ಟೆ ಹಾಕಿ ಸಾದಾ ಚಿತ್ರ ಬರೆಸಿಕೊಳ್ಳುತ್ತಿದ್ದರು ಅಂತ ಸಿನಿಮಾಗಳಲ್ಲಿ ತೋರಿಸುತ್ತಾರೆ.

ಎಣ್ಣೆಬಣ್ಣ:
ಸುಳ್ಳು! ಕ್ರಾಮ್‌ವೆಲ್‌ನನ್ನೇ ನೋಡಿ, ಅವನೂ ಕುದುರೆ ಪಡೆಯ ನಾಯಕನೇ. 1649ರ ಸುಮಾರಿಗೆ ರಾಬರ್ಟ್ ವಾಕರ್ ಬರೆದ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಉದ್ದ ಕೂದಲು, ಹೊಳೆಯುವ ಉಕ್ಕಿನ ಕವಚ, ಒಬ್ಬ ಹುಡುಗ ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದಾನೆ. ಆ ನಿಲುವು ಪೂರ್ತಿ ವ್ಯಾನ್ ಡೈಕ್‌ನಿಂದ ಎತ್ತಿದ್ದು. ರಾಜನ ತಲೆ ಕಡಿದವರು ರಾಜನ ಚಿತ್ರಕಾರನ ಮಾದರಿಯಲ್ಲೇ ನಿಂತರು. ಯಾಕಪ್ಪ ಸ್ವಂತದ್ದು ಮಾಡುವುದಿಲ್ಲ ಅಂತ ವಾಕರ್‌ನನ್ನು ಯಾರೋ ಕೇಳಿದರಂತೆ. ಇದಕ್ಕಿಂತ ಒಳ್ಳೆಯದು ಸಿಕ್ಕಿದರೆ ವ್ಯಾನ್ ಡೈಕ್ ಯಾಕೆ ಬೇಕಿತ್ತು ಅನ್ನುವ ಅರ್ಥದ ಉತ್ತರ ಕೊಟ್ಟನಂತೆ.

ಮುಖದ ಗಂಟುಗಳನ್ನೂ ಬಿಡದೆ ಬರಿ ಅಂತ ಕ್ರಾಮ್‌ವೆಲ್ ಚಿತ್ರಕಾರ ಲೆಲಿಗೆ ಹೇಳಿದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದು ಬರಹದಲ್ಲಿ ಬಂದದ್ದು ನೂರು ವರ್ಷದ ಮೇಲೆ, ಹೊರೇಸ್ ವಾಲ್ಪೋಲ್ ಪುಸ್ತಕದಲ್ಲಿ. ಬೈರನ್ ಕೆನ್ನೆಯ ಗಾಯ ಮಾತ್ರ ಅದಕ್ಕೂ ಮೊದಲೇ ಕ್ಯಾನ್ವಾಸ್ ಮೇಲೆ ಇತ್ತು, ಗಾದೆ ಆಗಲಿಲ್ಲ ಅಷ್ಟೇ.

ಚರ್ಮದಂಗಡಿ:
ಉಕ್ಕಿನ ಕವಚದ ವಿಷಯ ಬಂತಲ್ಲ. ಚಿತ್ರಗಳಲ್ಲಿ ಮೈತುಂಬ ಕವಚ ಹಾಕಿ ನಿಂತರೂ ಯುದ್ಧದಲ್ಲಿ ಅದನ್ನು ಹಾಕುವವರು ಆಗಲೇ ಕಡಿಮೆಯಾಗಿದ್ದರು. ತೂಕ ಜಾಸ್ತಿ, ಕುದುರೆಗೂ ಕಷ್ಟ. ಪಾರ್ಲಿಮೆಂಟ್ ಕಡೆ ಸರ್ ಆರ್ಥರ್ ಹೆಸಿಲ್‌ರಿಜ್ ದಳ ಮೊಣಕಾಲವರೆಗೆ ಉಕ್ಕು ಹಾಕಿಕೊಂಡು ಬರುತ್ತಿತ್ತು. ಜನ ಅವರನ್ನು ಲಾಬ್‌ಸ್ಟರ್‌ಗಳು, ಅಂದರೆ ಗಟ್ಟಿ ಚಿಪ್ಪಿನ ಕಡಲ ಪ್ರಾಣಿಗಳು, ಅಂತ ಕರೆಯುತ್ತಿದ್ದರಂತೆ.

1643ರ ಜುಲೈ 13ರಂದು ರೌಂಡ್‌ವೇ ಡೌನ್‌ನಲ್ಲಿ ಅವರನ್ನು ಓಡಿಸಿದ ಪಡೆಯಲ್ಲಿ ಬೈರನ್ ಇದ್ದ. ಅದು ಅವನ ಒಳ್ಳೆಯ ದಿನ. ಓಡುವ ಹೆಸಿಲ್‌ರಿಜ್‌ನನ್ನು ಕ್ಯಾಪ್ಟನ್ ಆಟ್ಕಿನ್ಸ್ ಬೆನ್ನಟ್ಟಿ, ಪಿಸ್ತೂಲನ್ನು ಶಿರಸ್ತ್ರಾಣಕ್ಕೆ ತಾಗಿಸಿಯೇ ಹಾರಿಸಿದ. ಗುಂಡು ಒಳಗೆ ಹೋಗಲಿಲ್ಲ! ರಾಜನಿಗೆ ಇದನ್ನು ಹೇಳಿದಾಗ, ಅವನೊಳಗೆ ಊಟದ ಸಾಮಾನೂ ತುಂಬಿಸಿಟ್ಟಿದ್ದರೆ ಮುತ್ತಿಗೆಯನ್ನೂ ತಡೆಯುತ್ತಿದ್ದ ಅಂದನಂತೆ. ಚಾರ್ಲ್ಸ್ ನಗೆಯಾಡಿದ್ದು ಅಪರೂಪ.

ತುಂಗಾತೀರ:
ಹ್ಹ ಹ್ಹ. ಡಾಬ್ಸನ್ ಏನಾದ? ಇಷ್ಟು ದೊಡ್ಡವರ ಚಿತ್ರ ಬರೆದವನು ಚೆನ್ನಾಗಿ ಬಾಳಿರಬೇಕು.

ಎಣ್ಣೆಬಣ್ಣ:
ಇಲ್ಲ. ಆಕ್ಸ್‌ಫರ್ಡ್ ಒಂದು ತುಂಬಿದ ದಂಡಿನ ಊರಾಗಿತ್ತು. ಕಾಲೇಜುಗಳ ಬೆಳ್ಳಿ ಪಾತ್ರೆ ಕರಗಿಸಿ ನಾಣ್ಯ ಹೊಡೆಯುತ್ತಿದ್ದರು, ನ್ಯೂ ಕಾಲೇಜಿನಲ್ಲಿ ಮದ್ದುಗುಂಡು ಇಟ್ಟಿದ್ದರು. ವರ್ಷ ಕಳೆದ ಹಾಗೆ ಡಾಬ್ಸನ್ ಚಿತ್ರಗಳು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಮೊದಲಿನವು ದೊಡ್ಡವು, ಬಣ್ಣ ದಪ್ಪ. ಬರಬರುತ್ತಾ ಬಣ್ಣ ತೆಳುವಾಗಿ ಬಟ್ಟೆಯ ಎಳೆ ಮೇಲೆ ಬರುತ್ತದೆ, ಚಿತ್ರ ಸಣ್ಣದಾಗುತ್ತದೆ. ಸಾಮಾನು ಸಿಗುತ್ತಿರಲಿಲ್ಲ. ಬೈರನ್ ಚಿತ್ರ ಇನ್ನೂ ಬಣ್ಣ ಇದ್ದ ಕಾಲದ್ದು, ಅದಕ್ಕೇ ಆ ಧಾರಾಳತನ.

ರೂಪರ್ಟ್ ಇಬ್ಬರು ಕರ್ನಲ್‌ಗಳ ಜತೆ ಕೂತಿರುವ ಒಂದು ಚಿತ್ರ ಇದೆ, ಒಬ್ಬ ಟೋಪಿಯ ರಿಬ್ಬನ್ನನ್ನು ವೈನಿನಲ್ಲಿ ಅದ್ದುತ್ತಿದ್ದಾನೆ. ಅದು ಪೂರ್ತಿಯಾಗಲೇ ಇಲ್ಲ.

1646ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ಶರಣಾಯಿತು. ಬರೆಸಿಕೊಳ್ಳುವವರೆಲ್ಲ ಓಡಿಹೋದರು ಇಲ್ಲ ದಿವಾಳಿಯಾದರು. ಡಾಬ್ಸನ್ ಲಂಡನ್ನಿಗೆ ಬಂದ, ಸಾಲಕ್ಕೆ ಜೈಲಿಗೆ ಹೋದ, ಅದೇ ಅಕ್ಟೋಬರಿನಲ್ಲಿ ಸತ್ತ. ವಯಸ್ಸು 35. ಉಳಿದಿರುವುದು ಅರವತ್ತರ ಆಸುಪಾಸು ಚಿತ್ರಗಳು. ಇಂಗ್ಲೆಂಡ್ ಇಲ್ಲಿಯವರೆಗೆ ಹೆತ್ತ ಅತ್ಯಂತ ಒಳ್ಳೆಯ ಚಿತ್ರಕಾರ ಅಂತ ಆ ಶತಮಾನದ ಬರಹಗಾರ ಜಾನ್ ಆಬ್ರಿ ಬರೆದಿಟ್ಟ. ಸಾಲ ಕೊಟ್ಟವರಿಗೆ ಅದು ಗೊತ್ತಿರಲಿಲ್ಲ ಪಾಪ.

ಬೆಳಗಾವಿ_ಬಸು:
ಬೈರನ್ ಅವನಿಗೆ ದುಡ್ಡು ಕೊಟ್ಟಿದ್ದನೋ ಇಲ್ಲವೋ ಅಂತ ಒಂದು ಅನುಮಾನ ನನಗೆ.

ಎಣ್ಣೆಬಣ್ಣ:
ಬಸು ಅಣ್ಣ, ನೀವು ಬಿಡುವವರಲ್ಲ! ರೂಪರ್ಟ್ ಚಿತ್ರಕ್ಕೆ ಬೇರೆ ಚರ್ಚೆ ಶುರು ಮಾಡೋಣ, ಅಲ್ಲಿಗೆ ಬನ್ನಿ. ಪೂರ್ತಿಯಾಗದ ಚಿತ್ರದಲ್ಲಿ ಕೆಳಗಿನ ಬಣ್ಣ ಹೇಗೆ ಕಾಣುತ್ತದೆ ಅಂತ ಹೇಳಲು ನನಗೆ ತುಂಬಾ ಇದೆ. ತುಂಗಾತೀರ, ನೀವೇ ಶುರು ಮಾಡಿ. ಹನ್ನೆರಡು ವರ್ಷದ ಯುವರಾಜನನ್ನು ಎಜ್‌ಹಿಲ್ ವೀರನ ಹಾಗೆ ಬರೆದ ಚಿತ್ರ ಸ್ಕಾಟ್‌ಲೆಂಡಿನ ಭಾವಚಿತ್ರ ಗ್ಯಾಲರಿಯಲ್ಲಿದೆ, ಅದನ್ನೂ ಜತೆಗೆ ಸೇರಿಸಿ. ಅದರ ಮೂಲೆಯಲ್ಲಿ ಗ್ರೀಕ್ ಕಥೆಯ ಹಾವುಗೂದಲಿನ ರಾಕ್ಷಸಿ ಮೆಡುಸಾಳ ತಲೆ ಬಿದ್ದಿದೆ, ಮೇಷ್ಟ್ರು ಅದನ್ನು ನೋಡಿದರೆ ಸುಮ್ಮನಿರುವುದಿಲ್ಲ.